ನೆಲವಿಗೇರಿದ ಮೂಲಿಕೆ



ಔಷಧಿಯ ಪೊಟ್ಟಣದ ಮೇಲೆ ‘ಇಂಥ ದಿನಾಂಕದ ನಂತರ ಬಳಸಬಾರದು’ ಎಂಬ ಸೂಚನೆಯನ್ನು ನೀವು ಓದಿರುತ್ತೀರಿ. ಇದು ಕಾರ್ಖಾನೆಗಳ ಕಾಲದ ಕಲ್ಪನೆ ಎಂದು ನಿಮಗೆ ಅನ್ನಿಸಬಹುದು. ಆದರೆ ನಮ್ಮ ವೈದ್ಯರು ಒಣಗಿಸಿದ ಸೊಪ್ಪು, ಬೇರುಗಳಿಗೂ ಶತಮಾನಗಳ ಹಿಂದೆಯೇ ಆಯುಸ್ಸನ್ನು ಗೊತ್ತುಪಡಿಸಿದ್ದರು.

ಮೂಲಿಕೆಗಳನ್ನು ಕೂಡಿಡುವ ಅಗತ್ಯವೇಕೆ ಬಂತು? ಕಾಯಿಲೆ ಗಿಡ ಚಿಗುರುವ ಕಾಲ ನೋಡಿಕೊಂಡು ಬರುವುದಿಲ್ಲ. ಚರಕಸಂಹಿತೆಯಲ್ಲಿ ದೃಢಬಲನು ಪೂರ್ಣಗೊಳಿಸಿದ ಕಲ್ಪಸ್ಥಾನವೆಂಬ ಭಾಗವಿದೆ. ಎಳೆಯ ಕೊಂಬೆ, ಎಲೆಗಳನ್ನು ಮಳೆಗಾಲ ಮತ್ತು ವಸಂತದಲ್ಲಿ, ಬೇರುಗಳನ್ನು ಬೇಸಗೆ ಅಥವಾ ಶಿಶಿರದಲ್ಲಿ, ತೊಗಟೆಯನ್ನು ಶರದೃತುವಿನಲ್ಲಿ ಸಂಗ್ರಹಿಸಬೇಕೆಂದು ಅದು ಹೇಳುತ್ತದೆ. ಹೀಗೆ ತಂದದ್ದನ್ನು ಕೆಡದಂತೆ ಇಡುವುದು ಹೇಗೆ? ಅದೇ ಅಧ್ಯಾಯದಲ್ಲಿ ಉಗ್ರಾಣದ ವರ್ಣನೆಯಿದೆ. ಬಾಗಿಲು ಪೂರ್ವಕ್ಕೋ ಉತ್ತರಕ್ಕೋ ಇರಬೇಕು. ಗಾಳಿ ರಭಸವಾಗಿ ನುಗ್ಗಬಾರದು, ಆದರೂ ಒಂದು ಕಡೆ ಗಾಳಿಯಾಡಬೇಕು. ಬೆಂಕಿ, ನೀರು, ತೇವ, ಹೊಗೆ, ಧೂಳು, ಇಲಿ ಇವು ಸುಳಿಯಬಾರದು. ಪಾತ್ರೆಗಳನ್ನು ಚೆನ್ನಾಗಿ ಮುಚ್ಚಿ ‘ಶಿಕ್ಯ’ದಲ್ಲಿ ತೂಗುಹಾಕಬೇಕು. ಶಿಕ್ಯವೆಂದರೆ ಬೇರೇನಲ್ಲ, ಅಜ್ಜಿಯರು ಬೆಣ್ಣೆಯ ಗಡಿಗೆಯನ್ನು ತೂಗಿಡುತ್ತಿದ್ದ ನೆಲವು! ಸುಶ್ರುತಸಂಹಿತೆಯೂ ಬಟ್ಟೆ, ಮಣ್ಣಿನ ಮಡಕೆ, ಹಲಗೆ, ಗೂಟಗಳನ್ನು ಹೆಸರಿಸುತ್ತದೆ. ಇವೆಲ್ಲ ಸಾಮಾನ್ಯರ ಮನೆಯ ಸಾಮಾನುಗಳೇ.

ಈ ಎಚ್ಚರಿಕೆಗಳಿಗೆ ಕಾರಣವನ್ನು ನೀವು ಇಂದಿನ ವಿಜ್ಞಾನದಿಂದ ತಿಳಿಯಬಹುದು. ತೇವವಿದ್ದಲ್ಲಿ ಬೂಷ್ಟು ಬೆಳೆಯುತ್ತದೆ. ಬಿಸಿಲಿನ ಝಳಕ್ಕೆ ತುಳಸಿ, ಪುದೀನದಂಥ ಎಲೆಗಳ ಸುಗಂಧ ತೈಲ ಹಾರಿಹೋಗುತ್ತದೆ. ಆದ್ದರಿಂದಲೇ ಅಂಥ ಎಲೆಗಳನ್ನು ನೆರಳಿನಲ್ಲಿ ತೆಳುವಾಗಿ ಹರಡಿ, ಕೈಯಲ್ಲಿ ಹಿಸುಕಿದರೆ ಪುಡಿಯಾಗುವಷ್ಟು ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು.

ಇಷ್ಟಾದರೂ ಗುಣ ಎಂದೆಂದಿಗೂ ಉಳಿಯುವುದಿಲ್ಲ. ಸುಮಾರು 13-14ನೇ ಶತಮಾನದ ಶಾರ್ಙ್ಗಧರಸಂಹಿತೆಯ ಪ್ರಕಾರ ಮೂಲಿಕೆಯು 1 ವರ್ಷ ಕಳೆದರೆ ಗುಣಹೀನವಾಗುತ್ತದೆ; ಚೂರ್ಣವು 2 ತಿಂಗಳಿಗೇ ಸತ್ವ ಕಳೆದುಕೊಳ್ಳುತ್ತದೆ. ಪುಡಿ ಮಾಡಿದಾಗ ಗಾಳಿಗೆ ತೆರೆದುಕೊಳ್ಳುವ ಭಾಗ ಹೆಚ್ಚುತ್ತದೆಯಲ್ಲವೇ? ಅದೇ ಗ್ರಂಥ ಇನ್ನೊಂದು ಮಾತನ್ನೂ ಹೇಳುತ್ತದೆ: ಅಮೃತಬಳ್ಳಿ, ಆಡುಸೋಗೆ, ಶತಾವರಿ, ಬೂದುಗುಂಬಳ ಮೊದಲಾದವನ್ನು ಯಾವಾಗಲೂ ಹಸಿಯಾಗಿಯೇ ಬಳಸಬೇಕು.

ಅಂದರೆ ಎಲ್ಲವನ್ನೂ ಡಬ್ಬಿಯಲ್ಲಿ ತುಂಬಿಡಲಾಗದು. ಕೆಲವು ಹಿತ್ತಲಲ್ಲೇ ಬೆಳೆಯುತ್ತಿರಬೇಕು. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ನಮ್ಮ ಅಸಡ್ಡೆಯನ್ನು ಹಂಗಿಸುತ್ತದೆ. ಇಂದು ಅನೇಕ ಮನೆಗಳಿಗೆ ಹಿತ್ತಲೇ ಇಲ್ಲ. ಹಿತ್ತಲು ಹೋದರೆ ಅದರೊಂದಿಗೆ ಗಿಡವನ್ನು ಗುರುತಿಸುವ ಕಣ್ಣೂ ಹೋಗುತ್ತದೆ. ಆದುದರಿಂದ ವಿದ್ಯಾರ್ಥಿಗಳೇ, ಒಂದು ಕುಂಡದಲ್ಲಾದರೂ ಅಮೃತಬಳ್ಳಿಯನ್ನು ಹಬ್ಬಿಸಿ. ಒಣಗಿಸಿಟ್ಟ ಸೊಪ್ಪಿನ ಡಬ್ಬಿಯ ಮೇಲೆ ಹೆಸರು, ತಾರೀಖು ಬರೆದಿಡಿ. ಆ ಒಂದು ಚೀಟಿಯ ಹಿಂದೆ ಶತಮಾನಗಳ ಅನುಭವವಿದೆ.