ರಾಮಸ್ವಾಮಿ ಮೊದಲಿಯಾರ್ (ಶಿವನಸಮುದ್ರ)

19ನೇ ಶತಮಾನದ ಮೊದಲ ಭಾಗದಲ್ಲಿ ಕೊಳ್ಳೇಗಾಲ ಸೀಮೆಯ ಶಿವನಸಮುದ್ರದಲ್ಲಿ ಸೇತುವೆ ಕಟ್ಟಿಸಿ, ಪಾಳುಬಿದ್ದ ದೇವಾಲಯಗಳನ್ನು ಜೀರ್ಣೋದ್ಧಾರ ಮಾಡಿಸಿದವರು, ಅಲ್ಲಿನ ಜಾಗೀರುದಾರರು. ಮೈಸೂರಿನ ಬ್ರಿಟಿಷ್ ರೆಸಿಡೆಂಟರ ನಂಬುಗೆಯ ಕಾರ್ಯಕರ್ತರಾಗಿದ್ದರು.

ಕಾವೇರಿ ಎರಡಾಗಿ ಸೀಳಿ ಗಗನಚುಕ್ಕಿ, ಭರಚುಕ್ಕಿಗಳಲ್ಲಿ ಧುಮ್ಮಿಕ್ಕುವ ನಡುವಿನ ನಡುಗಡ್ಡೆಯೇ ಶಿವನಸಮುದ್ರ. ಉಮ್ಮತ್ತೂರಿನ ಗಂಗರಾಜನ ವಂಶದ ಕಾಲದಲ್ಲಿ ಇಲ್ಲೊಂದು ಪಟ್ಟಣವಿತ್ತು. ಅದು ಅಳಿದ ಮೇಲೆ ಬೀದಿಗಳಲ್ಲಿ ಕಾಡು ಬೆಳೆಯಿತು, ಹಳೆಯ ಸೇತುವೆ ಶಿಥಿಲವಾಯಿತು. ಮಧ್ಯರಂಗನೆಂದು ಜನ ನಡೆದುಕೊಳ್ಳುವ ರಂಗನಾಥನ ಗುಡಿಗೂ ಸೋಮೇಶ್ವರನ ಗುಡಿಗೂ ಹೋಗುವುದೇ ಕಷ್ಟವಾಗಿತ್ತು. ಮೊದಲಿಯಾರರು ಕೈಹಾಕಿದ್ದು ಇಂಥ ಜಾಗಕ್ಕೆ. ಕಾಡು ಕಡಿಸಿದರು, ಹಳೆಯ ಸೇತುವೆಯನ್ನು ದುರಸ್ತಿ ಮಾಡಿಸಿದರು, ಇನ್ನೊಂದು ಕವಲಿಗೆ ಹೊಸ ಸೇತುವೆ ಕಟ್ಟಿಸಿದರು. ನೋಡಲು ಬಂದವರು ತಂಗಲು ಬಂಗಲೆಯನ್ನೂ ಎಬ್ಬಿಸಿದರು.

ಸೇತುವೆಗಳ ಕಟ್ಟೋಣ ಪೂರ್ತಿ ನಾಡ ಪದ್ಧತಿಯದು. ಕಮಾನು ಇಲ್ಲ. ನದಿಯ ತಳದ ಬಂಡೆಯನ್ನೇ ಪಾಯ ಮಾಡಿಕೊಂಡು, ಕಡೆದ ಕಲ್ಲುಕಂಬಗಳನ್ನು ಸಾಲುಸಾಲಾಗಿ ನಿಲ್ಲಿಸಿ, ಕಂಬದಿಂದ ಕಂಬಕ್ಕೆ ಕಲ್ಲಿನ ತೊಲೆ ಹಾಯಿಸಿ, ಮೇಲೆ ಚಪ್ಪಡಿ ಹಾಸಿದ್ದಾರೆ. ಕಲ್ಲಿನ ತೊಲೆ ಮರದಷ್ಟು ದೂರ ಹಾಯಲಾರದು. ಅದಕ್ಕೇ ಕಂಬಗಳು ಅಷ್ಟು ಒತ್ತೊತ್ತಾಗಿವೆ, ನೀರು ಆ ಸಂದುಗಳಲ್ಲೇ ನುಗ್ಗಿ ಹೋಗಬೇಕು. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರು 1804ರಲ್ಲಿ ಮುಗಿಸಿದ ಸೇತುವೆಯದೂ ಇದೇ ಜಾತಿ. ಕಲ್ಲು ಕಡೆದು, ಹೊತ್ತು, ಹರಿಯುವ ನೀರಿನ ನಡುವೆ ನಿಲ್ಲಿಸಿದ ಕಲ್ಲುಕುಟಿಗರ ಕೈಚಳಕವನ್ನು ಬಿಟ್ಟು ಈ ಕೆಲಸದ ಮಾತಾಡುವುದು ನ್ಯಾಯವಲ್ಲ.

ಆಗ ಇಲ್ಲಿ ನದಿಯೇ ಗಡಿ. ಮಳವಳ್ಳಿ ದಡ ಮೈಸೂರಿನದು. 1799ರ ನಂತರ ಕೊಳ್ಳೇಗಾಲದ ದಡ ಕಂಪನಿ ಸರ್ಕಾರದ್ದು. ಹಳೆಯ ಕೊಳ್ಳೇಗಾಲ ತಾಲ್ಲೂಕೆಲ್ಲ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಸೇತುವೆಗಳು ಎರಡು ರಾಜ್ಯದವರಿಗೂ ದಾರಿಯಾದ್ದರಿಂದ ಮೊದಲಿಯಾರರಿಗೆ ಎರಡೂ ಸರ್ಕಾರಗಳು ಊರುಗಳನ್ನು ಕೊಟ್ಟವು. 'ಜನೋಪಕಾರ ಕಾಮಕರ್ತ' ಎಂಬ ಬಿರುದೂ ಸಂದಿತು. ಜಾಗೀರು ಅವರ ಮನೆತನಕ್ಕೆ ವಂಶಪಾರಂಪರ್ಯವಾಗಿ ನಡೆಯಿತು. ಊರಿಗೆ ದಾರಿ ಮಾಡಿಕೊಟ್ಟವರ ಮಕ್ಕಳು ಮೊಮ್ಮಕ್ಕಳೂ ಆ ಊರಿನ ಹೆಸರಿನಿಂದಲೇ ಗುರುತಾದರು.

1830–32ರಲ್ಲಿ ಆದ ಸೇತುವೆಗೆ ಆಗಿನ ಮದ್ರಾಸ್ ಗವರ್ನರ್ ಲಷಿಂಗ್ಟನ್ ಹೆಸರು ನಿಂತಿತು. ಕೊಳ್ಳೇಗಾಲ ಕಡೆ, ಸತ್ತೇಗಾಲದ ಹತ್ತಿರದ್ದು ವೆಸ್ಲಿ ಸೇತುವೆ. ಕಟ್ಟಿಸಿದವರ ಹೆಸರು ಎರಡಕ್ಕೂ ಅಂಟಲಿಲ್ಲ. ಈ ಸೀಮೆಯ ಚರಿತ್ರೆ ಬರೆಯುವಾಗ ಮೊದಲು ತಿದ್ದಿಕೊಳ್ಳಬೇಕಾದ ಕೊರತೆ ಇದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಾಗ ಊರಿನ ಹೆಸರು ದೂರದೂರಕ್ಕೆ ಹೋಯಿತು, ಮೊದಲಿಯಾರರ ನೆನಪು ಇನ್ನಷ್ಟು ಹಿಂದೆ ಸರಿಯಿತು.

ವಾಹನಗಳಿಗೆ ಹೊಸ ಸೇತುವೆ ಬಂದ ಮೇಲೆ ವೆಸ್ಲಿ ಸೇತುವೆ ಬರಿಯ ನೋಟದ ತಾಣವಾಗಿ ಉಳಿಯಿತು. 2018ರ ಮಳೆಗಾಲದಲ್ಲಿ ಕಾವೇರಿ ಉಕ್ಕಿ ಅದರ ಒಂದು ಭಾಗವನ್ನು ಕೊಚ್ಚಿಕೊಂಡು ಹೋಯಿತು. ಮುರಿದ ಕಡೆ ಚಪ್ಪಡಿಗಳು ಇದ್ದಕ್ಕಿದ್ದಂತೆ ನಿಂತುಹೋಗಿ, ಕೆಳಗೆ ನೀರು ಕಾಣುತ್ತದೆ. ಆಚೀಚೆ ಉಳಿದ ಕಂಬಗಳು ಬಂಡೆಯ ಮೇಲೆ ಹಾಗೆಯೇ ನಿಂತಿವೆ.