ಬಿಟ್ಟಿ: ಒಂದು ಪದದ ಚರಿತ್ರೆ, ಒಂದು ಬಸ್ಸಿನ ಬೆಲೆ

ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ ಹಿಂದಿನ ಸೀಟಿನ ಅಜ್ಜಿಯೊಬ್ಬರು ಮೊಮ್ಮಗನನ್ನು ಗದರುತ್ತಿದ್ದರು: "ಬಿಟ್ಟಿ ಬಂದೈತೇನ್ಲಾ ಬಿಸ್ಕತ್ತು, ಹಂಗೆ ಚೆಲ್ಲಾಡ್ತೀಯಲ್ಲ?" ಹುಡುಗ ನಕ್ಕ, ನಾನೂ ನಕ್ಕೆ. ಇಳಿದು ಮನೆ ಸೇರಿದ ಮೇಲೂ ಆ ಪದ ಮಾತ್ರ ತಲೆಯಿಂದ ಇಳಿಯಲಿಲ್ಲ.

ಬಿಟ್ಟಿ ಎಂದರೆ ಈಗ ನಮಗೆ ಪುಕ್ಕಟೆ. ಆದರೆ ಅದು ಸಂಸ್ಕೃತದ 'ವಿಷ್ಟಿ'ಯ ತದ್ಭವ. ಕೂಲಿ ಕೊಡದೆ, ಒಪ್ಪಿಗೆ ಕೇಳದೆ ಮಾಡಿಸಿಕೊಳ್ಳುವ ದುಡಿಮೆ ಎಂಬುದು ಅದರ ಮೂಲ ಅರ್ಥ. ಹೊಯ್ಸಳರ ಮತ್ತು ವಿಜಯನಗರದ ಕಾಲದ ಶಾಸನಗಳಲ್ಲಿ ಬರುವ ತೆರಿಗೆಗಳ ಸಾಲಿನಲ್ಲಿ ಬಿಟ್ಟಿಯೂ ಇದೆ. ದಾನ ಕೊಟ್ಟ ಊರಿಗೆ ಅದರಿಂದ ವಿನಾಯಿತಿ ಸಿಕ್ಕಿತೆಂದು ಓದುವಾಗ, ವಿನಾಯಿತಿ ಸಿಗದ ಉಳಿದ ಊರುಗಳು ಅದನ್ನು ಸಲ್ಲಿಸುತ್ತಲೇ ಇದ್ದವೆಂದೂ ಓದಿಕೊಳ್ಳಬೇಕು.

ದುಡಿದವನಿಗೆ ಬಿಟ್ಟಿ ಒಂದು ಹೊರೆ, ಪಡೆದವನಿಗೆ ಒಂದು ಲಾಭ. ಎರಡು ಅರ್ಥಗಳಲ್ಲಿ ನಮ್ಮ ಭಾಷೆ ಪಡೆದವನ ಅರ್ಥವನ್ನು ಉಳಿಸಿಕೊಂಡಿತು. ದುಡಿದವನು ಪದದಿಂದ ಜಾರಿಹೋದ.

ಅವನನ್ನು ಮತ್ತೆ ನೆನಪಿಗೆ ತಂದದ್ದು ಸಾಹಿತ್ಯ ಮತ್ತು ಕಾನೂನು. 1933ರ 'ಚೋಮನ ದುಡಿ'ಯಲ್ಲಿ ಚೋಮನ ಮಕ್ಕಳು ಸಾಲ ತೀರಿಸಲು ಘಟ್ಟದ ಮೇಲಿನ ಕಾಫಿ ತೋಟಕ್ಕೆ ಹೋಗುತ್ತಾರೆ. ಸಾಲ ತೀರುವುದಿಲ್ಲ, ಮನೆಯೇ ಕರಗುತ್ತದೆ. ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿತು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಸಾಲಕ್ಕೆ ಕಟ್ಟಿಹಾಕುವ ದುಡಿಮೆಯನ್ನು 1975ರ ಅಕ್ಟೋಬರ್ 25ರಿಂದಲೇ ಅನ್ವಯವಾಗುವಂತೆ ರದ್ದುಮಾಡಿತು.

ರದ್ದಾದದ್ದು ಕಾಗದದಲ್ಲಿ. 2018ರ ಡಿಸೆಂಬರ್‌ನಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲೇ 52 ಮಂದಿಯನ್ನು ಜೀತದಿಂದ ಬಿಡಿಸಲಾಯಿತು. ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ಹಗಲೆಲ್ಲ ದುಡಿಸಿ, ರಾತ್ರಿ ಒಂದೇ ಶೆಡ್ಡಿನಲ್ಲಿ ಕೂಡಿಹಾಕುತ್ತಿದ್ದರು. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ದಿನ ನನ್ನನ್ನು ಹೆಚ್ಚು ಕಾಡಿದ್ದು ಆ ಶೆಡ್ಡು. ಅದು ಕಾಡಿನಲ್ಲಿರಲಿಲ್ಲ. ಸುತ್ತ ಊರುಗಳಿದ್ದವು, ಹೊಲಗಳಿದ್ದವು, ಸಂತೆಗಳಿದ್ದವು. ಅರಕಲಗೂಡಿನ ಹೊಗೆಸೊಪ್ಪು, ಹಾಸನದ ಆಲೂಗಡ್ಡೆ, ಎಲ್ಲೆಡೆಯ ಶುಂಠಿ, ಇವಕ್ಕೆ ಹೊರಗಿನಿಂದ ಆಳು ಬರುವುದು ನಮಗೆ ಹೊಸತಲ್ಲ. ಮುಂಗಡ ಪಡೆದವರೆಲ್ಲ ಜೀತದವರಲ್ಲ. ಆದರೆ ಮುಂಗಡ ಕೊಟ್ಟವನು ಬಾಗಿಲಿಗೆ ಬೀಗ ಹಾಕಿದಾಗ ಅದು ಜೀತವೇ. ಆ ಬೀಗ ನಮ್ಮ ಕಣ್ಣಿಗೆ ಬೀಳಲಿಲ್ಲ.

ಪಕ್ಕದೂರಿನ ಬೀಗವೇ ಕಾಣದಿದ್ದರೆ ಸಾವಿರಾರು ಮೈಲಿ ಆಚೆಯದು ಹೇಗೆ ಕಂಡೀತು? ಈ ಪ್ರಶ್ನೆ ನನಗೆ ಹುಟ್ಟಿದ್ದು ವಿದ್ಯುತ್ ಬಸ್ಸುಗಳಿಂದ. ಕರ್ನಾಟಕ 2017ರಲ್ಲಿ, ದೇಶದಲ್ಲೇ ಮೊದಲಿಗೆ, ವಿದ್ಯುತ್ ವಾಹನ ನೀತಿ ತಂದ ರಾಜ್ಯ. ಬೆಂಗಳೂರಿನಲ್ಲಿ ಬಿಎಂಟಿಸಿಯ ವಿದ್ಯುತ್ ಬಸ್ಸುಗಳು ಓಡುತ್ತಿವೆ. 2023ರಲ್ಲಿ ಕೆಎಸ್‌ಆರ್‌ಟಿಸಿಯೂ ದೂರದ ಊರುಗಳಿಗೆ ಅವನ್ನು ಬಿಟ್ಟಿತು. ಇವು ಹೆಚ್ಚಾಗಿ ಗುತ್ತಿಗೆಯ ಬಸ್ಸುಗಳು. ಬಸ್ಸು ಕಂಪನಿಯದು, ಚಾಲಕ ಕಂಪನಿಯವನು, ನಿಗಮ ಕಿಲೋಮೀಟರಿಗೆ ಇಷ್ಟೆಂದು ಹಣ ಕೊಡುತ್ತದೆ. ಟೆಂಡರ್ ಗೆಲ್ಲುವುದು ಆ ಕಿಲೋಮೀಟರಿನ ದರ. ಹೊಗೆಯಿಲ್ಲದ ಬಸ್ಸು ನಮಗೆ ಬೇಕೇ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ದರದೊಳಗೆ ಯಾರ ಬಿಟ್ಟಿ ಸೇರಿದೆ ಎಂದು ಕೇಳುವ ಕಾಲಂ ಇರಬೇಕಲ್ಲವೇ?

ಅನುಮಾನಕ್ಕೆ ಕಾರಣಗಳಿವೆ. ಜಗತ್ತಿನ ಕೋಬಾಲ್ಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಕಾಂಗೋ ದೇಶದ್ದು. ಅಲ್ಲಿನ ಕೈಗಣಿಗಳಲ್ಲಿ ಮಕ್ಕಳು ದುಡಿಯುವುದನ್ನು ಅಮ್ನೆಸ್ಟಿ 2016ರಲ್ಲಿ ದಾಖಲಿಸಿತು. ಕೋಬಾಲ್ಟ್ ಬೇಡದ ಎಲ್‌ಎಫ್‌ಪಿ ಬ್ಯಾಟರಿಗಳಿವೆ ನಿಜ. ಆದರೆ ವಾಹನವೆಂದರೆ ಬ್ಯಾಟರಿಯೊಂದೇ ಅಲ್ಲ. ಚೀನಾದ ಷಿನ್‌ಜಿಯಾಂಗ್ ಪ್ರಾಂತ್ಯದಲ್ಲಿ ಉಯ್ಗುರರನ್ನು ಬಲವಂತವಾಗಿ ದುಡಿಸುವ ವ್ಯವಸ್ಥೆಗೂ ಜಗತ್ತಿನ ವಾಹನ ಉದ್ಯಮಕ್ಕೂ ಇರುವ ನಂಟನ್ನು ಶೆಫೀಲ್ಡ್ ಹ್ಯಾಲಮ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಬಿಡಿಸಿಟ್ಟರು. ನಮ್ಮ ಬಸ್ಸಿನಲ್ಲಿ ಅಂಥ ಲೋಹವಿದೆ ಎಂದು ನಾನು ಹೇಳುತ್ತಿಲ್ಲ. ಕೊಳ್ಳುವವರು ಕೇಳಬೇಕು ಎನ್ನುತ್ತಿದ್ದೇನೆ.

ಲೋಹಕ್ಕೆ ಹುಟ್ಟೂರು ಅಂಟಿಕೊಂಡಿರುವುದಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಬೈರಾಪುರದ ನೆಲದಲ್ಲಿ ಕ್ರೋಮೈಟ್ ಇದೆ. ಕ್ರೋಮಿಯಂ ಇಲ್ಲದೆ ಸ್ಟೀಲಿನ ಲೋಟವಿಲ್ಲ. ಆ ಲೋಟದಲ್ಲಿ ಕಾಫಿ ಕುಡಿಯುವ ಯಾರಿಗೆ ಬೈರಾಪುರ ನೆನಪಾಗುತ್ತದೆ? ಕಾಂಗೋದ ಊರುಗಳ ಪಾಡೂ ಅಷ್ಟೇ.

"ಅಷ್ಟು ದೂರದ್ದಕ್ಕೆ ಸರ್ಕಾರ ಹೇಗೆ ಹೊಣೆ?" ಎಂದು ಗೆಳೆಯರೊಬ್ಬರು ಕೇಳಿದರು. ಇದಕ್ಕೆ ಉತ್ತರದ ಅರ್ಧಭಾಗ ನಲವತ್ತು ವರ್ಷ ಹಳೆಯದು. 1982ರ ಏಷ್ಯನ್ ಕ್ರೀಡಾಕೂಟಕ್ಕೆ ದೆಹಲಿಯಲ್ಲಿ ಕ್ರೀಡಾಂಗಣ, ಮೇಲ್ಸೇತುವೆ ಕಟ್ಟುತ್ತಿದ್ದಾಗ ದಿನಗೂಲಿ ₹9.25 ಎಂದು ನಿಗದಿಯಾಗಿತ್ತು. ಗುತ್ತಿಗೆದಾರರು ಅದನ್ನು ಜಮಾದಾರರ ಕೈಗೆ ಕೊಡುತ್ತಿದ್ದರು; ಜಮಾದಾರರು ಆಳಿಗೆ ಒಂದು ರೂಪಾಯಿ ಹಿಡಿದುಕೊಳ್ಳುತ್ತಿದ್ದರು. ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ, ಹಸಿವೂ ಒಂದು ಬಲವಂತವೇ ಎಂದು ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರಿದ್ದ ಪೀಠ ಹೇಳಿತು. ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮಾತ್ರಕ್ಕೆ ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ ಎಂದೂ ಹೇಳಿತು.

ಆ ಒಂದು ರೂಪಾಯಿ ಸಣ್ಣದಲ್ಲ. ಸರ್ಕಾರ ಕೊಂಡದ್ದರೊಳಗೆ ಅಡಗಿದ ಬಿಟ್ಟಿಗೆ ನ್ಯಾಯಾಲಯ ಅಂದು ಲೆಕ್ಕ ಹಾಕಿ ಬೆಲೆ ಕಟ್ಟಿತ್ತು. ಆದರೆ ಆ ತೀರ್ಪಿನ ಕಣ್ಣಿಗೆ ಬಿದ್ದದ್ದು ಇಲ್ಲೇ ಕಟ್ಟಡದ ಬುಡದಲ್ಲಿ ನಿಂತ ಆಳು. ಬಸ್ಸಿನ ಸರಪಳಿಯಲ್ಲಿ ಜಮಾದಾರರು ಹತ್ತು ಜನ, ಹತ್ತು ದೇಶದವರು.

ಸರ್ಕಾರಕ್ಕೆ ಮೂಲ ವಿಚಾರಿಸುವುದು ಬರುವುದಿಲ್ಲವೆಂದೇನಿಲ್ಲ. 2020ರ ಜುಲೈನಲ್ಲಿ ಕೇಂದ್ರವು ಗಡಿಹಂಚಿಕೊಂಡ ದೇಶಗಳ ಬಿಡ್ಡುದಾರರು ನೋಂದಣಿಯಿಲ್ಲದೆ ಸರ್ಕಾರಿ ಟೆಂಡರಿಗೆ ಬರುವಂತಿಲ್ಲವೆಂದು ನಿಯಮ ಮಾಡಿತು. ಫೇಮ್ ಯೋಜನೆಯ ಸಹಾಯಧನಕ್ಕೆ ವಾಹನದ ಬಿಡಿಭಾಗ ಇಲ್ಲೇ ತಯಾರಾಗಿರಬೇಕೆಂಬ ಷರತ್ತಿತ್ತು. ಮೀರಿದ ಕಂಪನಿಗಳಿಂದ ಹಣ ವಾಪಸು ಕೇಳಿತು. ಅಂದರೆ ಸ್ಕ್ರೂ ಎಲ್ಲಿಯದೆಂದು ಕೇಳಲು ನಮಗೆ ಬರುತ್ತದೆ. ಅದನ್ನು ತಿರುಗಿಸಿದ ಕೈಗೆ ಕೂಲಿ ಸಿಕ್ಕಿತೇ ಎಂದು ಕೇಳುವುದೇ ಬಾಕಿ. ಅಮೆರಿಕ 2022ರಿಂದ ಷಿನ್‌ಜಿಯಾಂಗ್ ಸರಕನ್ನು ಬಲವಂತದ ದುಡಿಮೆಯದಲ್ಲವೆಂದು ತಂದವರೇ ತೋರಿಸಿಕೊಡಬೇಕೆಂದು ಹೇಳುತ್ತಿದೆ. ಯುರೋಪಿನ ನಿಷೇಧ 2027ರ ಡಿಸೆಂಬರ್‌ನಿಂದ ಜಾರಿಗೆ ಬರಲಿದೆ.

ನಮಗೂ ಬಹಳ ಕಾಲಾವಕಾಶವಿಲ್ಲ. ಪಕ್ಕದ ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ ಸುಮಾರು 1,600 ಟನ್ ಲಿಥಿಯಂ ಇದೆಯೆಂದು ಪರಮಾಣು ಖನಿಜ ನಿರ್ದೇಶನಾಲಯ ಅಂದಾಜಿಸಿದೆ. ನಾಳೆ ಸರಪಳಿಯ ಮೊದಲ ಕೊಂಡಿ ನಮ್ಮ ಪಕ್ಕದಲ್ಲೇ ಇರಬಹುದು, ಅಲ್ಲಿ ಅಗೆಯುವ ಕೈ ಯಾವುದೋ ದೂರದ ಊರಿನಿಂದ ಮುಂಗಡ ಪಡೆದು ಬಂದದ್ದಿರಬಹುದು. ಆಗ ದೂರದ ದೇಶದವರು ನಮ್ಮ ಬಗ್ಗೆ ಕೇಳಬೇಕಾದ ಪ್ರಶ್ನೆಯನ್ನೇ ಇಂದು ನಾವು ಇನ್ನೊಬ್ಬರ ಬಗ್ಗೆ ಕೇಳಬೇಕಾಗಿದೆ.

ಆ ಅಜ್ಜಿಯ ಪ್ರಶ್ನೆ ಸರಿಯಾಗಿಯೇ ಇತ್ತು. ಯಾವುದೂ ಬಿಟ್ಟಿ ಬಂದಿರುವುದಿಲ್ಲ. ಟೆಂಡರ್ ತೆರೆಯುವ ಮೇಜಿನ ಮೇಲೂ ಯಾರಾದರೂ ಅದನ್ನು ಅಷ್ಟೇ ಗದರಿ ಕೇಳಬೇಕು.