ಮಳೆಯ ಲೆಕ್ಕ ಹಿಡಿದು ಹೊರಟ ಮೇಷ್ಟ್ರು

ಕಂಪ್ಯೂಟರಿನ ಚರಿತ್ರೆಯನ್ನು ಅಲ್ಪಸ್ವಲ್ಪ ಓದಿದವರಿಗೂ ಎನಿಯಾಕ್ ಹೆಸರು ಗೊತ್ತಿರುತ್ತದೆ. 1946ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲೋಕಕ್ಕೆ ಪರಿಚಯವಾದ, 30 ಟನ್ ತೂಕದ, ಒಂದು ದೊಡ್ಡ ಕೋಣೆಯನ್ನೇ ತುಂಬಿಕೊಂಡಿದ್ದ ವಿದ್ಯುನ್ಮಾನ ಗಣಕ ಅದು. ಫಿರಂಗಿ ಗುಂಡುಗಳ ಪಥವನ್ನು ಲೆಕ್ಕ ಹಾಕಲು ಸೇನೆ ಅದನ್ನು ಕಟ್ಟಿಸಿತು ಎಂದು ಪುಸ್ತಕಗಳು ಹೇಳುತ್ತವೆ. ಅದು ನಿಜವೇ. ಆದರೆ ಅದನ್ನು ರೂಪಿಸಿದ ಇಬ್ಬರಲ್ಲಿ ಹಿರಿಯರಾದ ಜಾನ್ ಮಾಕ್ಲಿಗೆ ಫಿರಂಗಿಯ ಗೊಡವೆ ಇರಲಿಲ್ಲ. ಸಣ್ಣ ಊರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಿದ್ದ ಮೇಷ್ಟ್ರು ಅವರು. ಅವರಿಗೆ ಬೇಕಾಗಿದ್ದುದು ಮಳೆಯ ಲೆಕ್ಕ.

ಮಾಕ್ಲಿ ಹುಟ್ಟಿದ್ದು 1907ರ ಆಗಸ್ಟ್ 30ರಂದು, ಸಿನ್ಸಿನಾಟಿಯಲ್ಲಿ. ತಂದೆ ಸೆಬಾಸ್ಟಿಯನ್ ಮಾಕ್ಲಿ ಕೂಡ ಭೌತವಿಜ್ಞಾನಿ. ವಾಷಿಂಗ್ಟನ್ನಿನ ಕಾರ್ನೆಗಿ ಸಂಸ್ಥೆಯ ಭೂಕಾಂತ ವಿಭಾಗದಲ್ಲಿ ಅವರ ಕೆಲಸ. ಈ ತಂದೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮೋಡವಿಲ್ಲದ ದಿನದಲ್ಲೂ ನೆಲಕ್ಕೂ ಆಕಾಶಕ್ಕೂ ನಡುವೆ ಒಂದು ವಿದ್ಯುತ್ ಕ್ಷೇತ್ರ ಇರುತ್ತದೆ. ‘ಕಾರ್ನೆಗಿ’ ಎಂಬ ಹೆಸರಿನ, ಕಬ್ಬಿಣವನ್ನು ಆದಷ್ಟು ಬಳಸದೆ ಕಟ್ಟಿದ ಹಡಗೊಂದು ಸಾಗರಗಳನ್ನು ಸುತ್ತಿ ಈ ಕ್ಷೇತ್ರವನ್ನು ಅಳೆದು ತಂದಿತ್ತು. ಆ ಅಂಕಿಗಳನ್ನು ಜಾಲಾಡಿದ ಹಿರಿಯ ಮಾಕ್ಲಿ, 1923ರಲ್ಲಿ ಒಂದು ಸೋಜಿಗವನ್ನು ಹೊರಗೆಡವಿದರು: ಹಡಗು ಯಾವ ಸಾಗರದಲ್ಲೇ ಇರಲಿ, ಕ್ಷೇತ್ರ ಗರಿಷ್ಠವಾಗುವುದು ಹೆಚ್ಚು ಕಡಿಮೆ ಒಂದೇ ಗಳಿಗೆಯಲ್ಲಿ. ಗ್ರೀನಿಚ್ ವೇಳೆ ಸಂಜೆ ಸುಮಾರು 7 ಗಂಟೆ, ನಮ್ಮ ಗಡಿಯಾರದಲ್ಲಿ ಮಧ್ಯರಾತ್ರಿ ಕಳೆದು ಅರ್ಧ ಗಂಟೆ. ಇಡೀ ಭೂಮಿಯ ಗುಡುಗು ಮೋಡಗಳು ಸೇರಿ ವಾಯುಮಂಡಲಕ್ಕೆ ವಿದ್ಯುತ್ ತುಂಬುತ್ತಿವೆ ಎಂಬ ತಿಳಿವಳಿಕೆಗೆ ಇದು ಆಧಾರವಾಯಿತು. ಅಂಕಿಗಳ ರಾಶಿಯಲ್ಲಿ ಪ್ರಕೃತಿಯ ಗುಟ್ಟು ಅಡಗಿರುತ್ತದೆ, ತಾಳ್ಮೆಯಿಂದ ಕೂಡಿ ಕಳೆದರೆ ಅದು ಸಿಗುತ್ತದೆ ಎಂಬುದನ್ನು ಮಗ ಮನೆಯಲ್ಲೇ ಕಂಡಿದ್ದ.

ತಂದೆ 1928ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಮಗ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಕ್ಕೆ ಎಂಜಿನಿಯರಿಂಗ್ ಓದಲು ಸೇರಿ, ಅದು ರುಚಿಸದೆ ಭೌತವಿಜ್ಞಾನದ ಕಡೆಗೆ ಹೊರಳಿದ್ದರು. ಅಣುಗಳ ರೋಹಿತವನ್ನು ಕುರಿತ ಸಂಶೋಧನೆಗೆ 1932ರಲ್ಲಿ ಡಾಕ್ಟರೇಟ್ ಬಂತು. ಅದು ಅಮೆರಿಕದ ಮಹಾ ಆರ್ಥಿಕ ಕುಸಿತದ ಕಾಲ. ಡಾಕ್ಟರೇಟ್ ಇದ್ದರೂ ಕೆಲಸವಿಲ್ಲ. ಕೊನೆಗೆ 1933ರಲ್ಲಿ ಪೆನ್ಸಿಲ್ವೇನಿಯಾದ ಕಾಲೇಜ್‌ವಿಲ್ ಎಂಬ ಊರಿನ ಅರ್ಸೈನಸ್ ಕಾಲೇಜು ಅವರನ್ನು ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ಕರೆಯಿತು. ವಿಭಾಗದಲ್ಲಿದ್ದ ಏಕೈಕ ಅಧ್ಯಾಪಕರೂ ಅವರೇ!

ಮಾಕ್ಲಿಯ ಪಾಠವೆಂದರೆ ವಿದ್ಯಾರ್ಥಿಗಳಿಗೆ ಹಬ್ಬ. ಕ್ರಿಸ್‌ಮಸ್ ರಜೆಗೆ ಮುಂಚಿನ ಉಪನ್ಯಾಸಕ್ಕಂತೂ ಬೇರೆ ವಿಭಾಗದವರೂ ಬರುತ್ತಿದ್ದರು. ಕಾಗದ ಸುತ್ತಿದ ಉಡುಗೊರೆಯ ಪೊಟ್ಟಣವನ್ನು ಬಿಚ್ಚದೆಯೇ, ಭೌತಶಾಸ್ತ್ರದ ಉಪಾಯಗಳಿಂದ ಒಳಗೇನಿದೆ ಎಂದು ಕಂಡುಹಿಡಿಯುವ ಆಟ ಅದು. ನೀವೂ ನಿಮ್ಮ ತರಗತಿಯಲ್ಲಿ ಇದನ್ನು ಮಾಡಿ ನೋಡಬಹುದು. ತೂಗಿ, ಉರುಳಿಸಿ, ಅಲುಗಾಡಿಸಿ, ಅಯಸ್ಕಾಂತ ಹಿಡಿದು ಎಷ್ಟು ದೂರ ಹೋಗಬಲ್ಲಿರಿ? ಪರಮಾಣುವನ್ನು ಬಿಚ್ಚಿ ನೋಡಲಾಗದ ಭೌತವಿಜ್ಞಾನಿ ಮಾಡುವುದೂ ಇದನ್ನೇ.

ಸಣ್ಣ ಕಾಲೇಜಿನಲ್ಲಿ ದುಬಾರಿ ಉಪಕರಣಗಳಿರಲಿಲ್ಲ. ಹಾಗಾಗಿ ಮಾಕ್ಲಿ ಉಪಕರಣ ಬೇಡದ ಸಂಶೋಧನೆಯನ್ನು ಹುಡುಕಿಕೊಂಡರು. ಹವಾಮಾನ ಇಲಾಖೆಯಲ್ಲಿ ಮಳೆಯ ದಾಖಲೆಗಳು ಗುಡ್ಡೆಯಾಗಿ ಬಿದ್ದಿದ್ದವು. ಸೂರ್ಯನ, ಚಂದ್ರನ ಆವರ್ತಗಳಿಗೂ ಮಳೆಗೂ ಸಂಬಂಧವಿದೆಯೇ? ಇದ್ದರೆ ಹವೆಯನ್ನು ಬಹಳ ಮೊದಲೇ ಹೇಳಬಹುದಲ್ಲವೇ? ವಿದ್ಯಾರ್ಥಿಗಳನ್ನು ಕೂಲಿ ಕೊಟ್ಟು ಕೂರಿಸಿ, ಕೈಯಲ್ಲಿ ತಿರುಗಿಸುವ ಲೆಕ್ಕದ ಯಂತ್ರಗಳ ಮೇಲೆ ಕೆಲಸ ಶುರುಮಾಡಿದರು. ಲೆಕ್ಕ ಸಾಗಿದಷ್ಟೂ ಉಳಿದ ಲೆಕ್ಕ ಬೆಳೆಯುತ್ತಿತ್ತು. ಈ ವೇಗದಲ್ಲಿ ಹೋದರೆ ತಮ್ಮ ಆಯುಷ್ಯ ಸಾಲದೆಂದು ಅವರಿಗೆ ಮನವರಿಕೆಯಾಯಿತು.

ಉಪಾಯ ಹೊಳೆದದ್ದು ಭೌತವಿಜ್ಞಾನದ ಇನ್ನೊಂದು ಮೂಲೆಯಿಂದ. ಆಕಾಶದಿಂದ ಎರಗುವ ವಿಶ್ವಕಿರಣಗಳನ್ನು ಎಣಿಸಲು ವಿಜ್ಞಾನಿಗಳು ಆಗ ನಿರ್ವಾತ ನಳಿಗೆಗಳ ಮಂಡಲಗಳನ್ನು ಬಳಸುತ್ತಿದ್ದರು. ಹಲ್ಲಿನ ಚಕ್ರಕ್ಕೆ ಒಂದು ಹಲ್ಲು ಮುಂದೆ ಸರಿಯಲು ಬೇಕಾಗುವ ಸಮಯದಲ್ಲಿ ಈ ಮಂಡಲ ಸಾವಿರಾರು ಬಾರಿ ‘ಒಂದು’ ಎನ್ನಬಲ್ಲದು. ಎಣಿಸುವುದೆಂದರೆ ಕೂಡುವುದೇ. ಕೂಡಲು ಬಂದರೆ ಕಳೆಯಲು, ಗುಣಿಸಲು, ಭಾಗಿಸಲು ದಾರಿಯಿದೆ. ಹಾಗಾದರೆ ವಿಶ್ವಕಿರಣವನ್ನು ಎಣಿಸುವ ನಳಿಗೆ ಮಳೆಯ ಅಂಕಿಗಳನ್ನೇಕೆ ಎಣಿಸಬಾರದು?

ಇದೇ ದಾರಿಯಲ್ಲಿ ಇನ್ನೊಬ್ಬ ಭೌತವಿಜ್ಞಾನಿಯೂ ನಡೆದಿದ್ದರು. ಅಯೋವಾ ರಾಜ್ಯದ ಜಾನ್ ಅಟನಸಾಫ್, 1940ರ ಡಿಸೆಂಬರಿನಲ್ಲಿ ಫಿಲಡೆಲ್ಫಿಯಾದ ಸಮ್ಮೇಳನವೊಂದರಲ್ಲಿ ಮಾಕ್ಲಿಯ ಭಾಷಣ ಕೇಳಿ, ತಾವೂ ನಳಿಗೆಗಳಿಂದ ಲೆಕ್ಕದ ಯಂತ್ರ ಕಟ್ಟುತ್ತಿರುವುದಾಗಿ ತಿಳಿಸಿದರು. 1941ರ ಜೂನಿನಲ್ಲಿ ಮಾಕ್ಲಿ ಕಾರಿನಲ್ಲಿ ಅಷ್ಟು ದೂರ ಹೋಗಿ, ಕೆಲವು ದಿನ ಅವರ ಮನೆಯಲ್ಲೇ ಉಳಿದು ಯಂತ್ರವನ್ನು ನೋಡಿ ಬಂದರು. ಈ ಭೇಟಿಯನ್ನು ನೆನಪಿಟ್ಟುಕೊಳ್ಳಿ. ಮೂವತ್ತು ವರ್ಷದ ಬಳಿಕ ಇದು ನ್ಯಾಯಾಲಯದ ಮೆಟ್ಟಿಲೇರುತ್ತದೆ.

ಅಯೋವಾದಿಂದ ಬಂದವರೇ ಮಾಕ್ಲಿ ಬೆಂಚಿನ ಮೇಲೆ ಕುಳಿತರು, ವಿದ್ಯಾರ್ಥಿಯಾಗಿ! ಯುದ್ಧದ ಸಿದ್ಧತೆಗಾಗಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೂರ್ ಎಂಜಿನಿಯರಿಂಗ್ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ತರಬೇತಿ ಏರ್ಪಾಡಾಗಿತ್ತು. ಮೂವತ್ಮೂರು ವಯಸ್ಸಿನ, ಡಾಕ್ಟರೇಟ್ ಪಡೆದ ವಿಭಾಗ ಮುಖ್ಯಸ್ಥರೊಬ್ಬರು ಅದಕ್ಕೆ ಸೇರಿದರು. ಪ್ರಯೋಗಶಾಲೆಯಲ್ಲಿ ಅವರಿಗೆ ಹೇಳಿಕೊಡುತ್ತಿದ್ದ ಪ್ರೆಸ್ಪರ್ ಎಕರ್ಟ್‌ಗೆ ಇಪ್ಪತ್ತೆರಡು ವರ್ಷ. ಪ್ರಯೋಗಗಳಿಗಿಂತ ಇಬ್ಬರ ಮಾತುಕತೆಯೇ ಹೆಚ್ಚು ನಡೆಯಿತು. ಸಾವಿರಾರು ನಳಿಗೆಗಳ ಯಂತ್ರ ಕಟ್ಟಿದರೆ ದಿನಕ್ಕೆ ಹತ್ತಾರು ಸುಟ್ಟುಹೋಗಿ ಅದು ನಿಂತೇ ಇರುತ್ತದೆ ಎಂದು ಉಳಿದವರು ನಕ್ಕರೆ, ಎಕರ್ಟ್ ನಗಲಿಲ್ಲ. ನಳಿಗೆಗಳನ್ನು ಅವುಗಳ ಪೂರ್ಣ ಸಾಮರ್ಥ್ಯಕ್ಕಿಂತ ಬಹಳ ಕೆಳಗೆ ದುಡಿಸಿದರೆ ದೀರ್ಘಕಾಲ ಬಾಳುತ್ತವೆ ಎಂಬುದು ಅವರ ಲೆಕ್ಕಾಚಾರ.

ತರಬೇತಿ ಮುಗಿದ ಮೇಲೆ ಮಾಕ್ಲಿ ಮೂರ್ ಶಾಲೆಯಲ್ಲೇ ಅಧ್ಯಾಪಕರಾಗಿ ಉಳಿದರು. ಅಲ್ಲಿ ಗಣಿತ ಓದಿದ ಯುವತಿಯರು ಗುಂಪಾಗಿ ಕುಳಿತು ಫಿರಂಗಿ ಕೋಷ್ಟಕಗಳನ್ನು ತಯಾರಿಸುತ್ತಿದ್ದರು. ‘ಕಂಪ್ಯೂಟರ್’ ಎಂಬುದು ಆಗ ಈ ಹುದ್ದೆಯ ಹೆಸರು. ಒಂದು ಗುಂಡಿನ ಪಥಕ್ಕೆ ಒಬ್ಬಾಕೆ ಮೂವತ್ತು ಗಂಟೆಗೂ ಹೆಚ್ಚು ದುಡಿಯಬೇಕಿತ್ತು. ಒಂದು ಕೋಷ್ಟಕಕ್ಕೆ ಅಂಥ ಸಾವಿರಾರು ಪಥಗಳು ಬೇಕು. 1942ರ ಆಗಸ್ಟಿನಲ್ಲಿ ಮಾಕ್ಲಿ ವಿದ್ಯುನ್ಮಾನ ಗಣಕದ ಬಗ್ಗೆ ಒಂದು ಟಿಪ್ಪಣಿ ಬರೆದುಕೊಟ್ಟರು. ಯಾರೂ ಲಕ್ಷ್ಯಗೊಡಲಿಲ್ಲ. ಸೇನೆಯ ಕಡೆಯಿಂದ ಬಂದಿದ್ದ ಗಣಿತಜ್ಞ ಹರ್ಮನ್ ಗೋಲ್ಡ್‌ಸ್ಟೈನ್ ಕಿವಿಗೆ ವಿಷಯ ಬಿದ್ದ ಮೇಲೆ ಚಕ್ರ ಉರುಳಿತು. 1943ರ ಏಪ್ರಿಲ್ 9ರಂದು, ಎಕರ್ಟ್‌ಗೆ 24 ತುಂಬಿದ ದಿನ, ಸೇನೆ ಒಪ್ಪಿಗೆ ಕೊಟ್ಟಿತು.

ಎನಿಯಾಕ್‌ನಲ್ಲಿ ಸುಮಾರು 18,000 ನಳಿಗೆಗಳಿದ್ದವು. ಸೆಕೆಂಡಿಗೆ 5,000 ಸಂಕಲನ ಮಾಡುತ್ತಿತ್ತು. ಫಿರಂಗಿಯಿಂದ ಹಾರಿದ ಗುಂಡು ನೆಲ ಮುಟ್ಟುವ ಮೊದಲೇ ಅದು ಎಲ್ಲಿ ಬೀಳುತ್ತದೆಂದು ಹೇಳಿಬಿಡುತ್ತಿತ್ತು. ಆದರೆ ಯುದ್ಧಕ್ಕೆ ಅದು ಒದಗಲಿಲ್ಲ. 1945ರ ಕೊನೆಗೆ ಅದು ಮಾಡಿದ ಮೊದಲ ದೊಡ್ಡ ಲೆಕ್ಕ ಹೈಡ್ರೊಜನ್ ಬಾಂಬಿನದು. ಯಂತ್ರಕ್ಕೆ ಕ್ರಮವಿಧಿ ಹೂಡಿದವರು ಆರು ಮಂದಿ ಮಹಿಳೆಯರು. ಕೈಪಿಡಿ ಎಂಬುದೇ ಇಲ್ಲದ ಕಾಲದಲ್ಲಿ, ನಕ್ಷೆಗಳನ್ನು ನೋಡಿ ತಾವೇ ಕಲಿತವರು. ಉದ್ಘಾಟನೆಯ ದಿನ ಅವರ ಹೆಸರನ್ನು ಯಾರೂ ಹೇಳಲಿಲ್ಲ. ಅವರಲ್ಲೊಬ್ಬರಾದ, ಐರ್ಲೆಂಡಿನಲ್ಲಿ ಹುಟ್ಟಿದ ಕ್ಯಾಥ್ಲೀನ್ ಮೆಕ್‌ನಲ್ಟಿ 1948ರಲ್ಲಿ ಮಾಕ್ಲಿಯವರ ಎರಡನೆಯ ಪತ್ನಿಯಾದರು.

ಈಗ ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ಅತಿ ಮುಖ್ಯ ಘಟ್ಟ. 1946ರ ಆರಂಭದಲ್ಲಿ ವಿಶ್ವವಿದ್ಯಾಲಯ, ಪೇಟೆಂಟ್ ಹಕ್ಕುಗಳನ್ನು ತನಗೆ ಬರೆದುಕೊಡಬೇಕೆಂದು ಪಟ್ಟು ಹಿಡಿಯಿತು. ಒಪ್ಪದ ಮಾಕ್ಲಿ ಮತ್ತು ಎಕರ್ಟ್ ಮಾರ್ಚಿ ಕೊನೆಗೆ ಕೆಲಸ ಬಿಟ್ಟರು. ಜುಲೈಯಲ್ಲಿ ಅದೇ ಶಾಲೆ ಎಂಟು ವಾರಗಳ ಉಪನ್ಯಾಸ ಮಾಲೆ ಏರ್ಪಡಿಸಿದಾಗ, ಅದೇ ಇಬ್ಬರು ಹೋಗಿ ಪಾಠ ಹೇಳಿದರು! ಆಹ್ವಾನಿತ ವಿದ್ಯಾರ್ಥಿಗಳು ಸುಮಾರು 28. ಬ್ರಿಟನ್ನಿನ ಕೇಂಬ್ರಿಜ್‌ನಿಂದ ಬಂದ ಮಾರಿಸ್ ವಿಲ್ಕ್ಸ್‌ಗೆ ಸಿಕ್ಕಿದ್ದು ಕೊನೆಯ ಎರಡು ವಾರ ಮಾತ್ರ. ಊರಿಗೆ ಮರಳುವಾಗ ಹಡಗಿನಲ್ಲೇ ಅವರು ತಮ್ಮ ಯಂತ್ರದ ರೂಪುರೇಷೆ ಬರೆಯಲು ಕುಳಿತರು. 1949ರ ಮೇ 6ರಂದು ಓಡಿದ ಎಡ್ಸಾಕ್ ಆ ಬರಹದ ಫಲ. ಕಲಿಸಿದವರ ಕಂಪನಿ ಇನ್ನೂ ಹಣಕ್ಕೆ ತಿಣುಕುತ್ತಿದ್ದಾಗ, ಕಲಿತವರ ಯಂತ್ರ ವಿಶ್ವವಿದ್ಯಾಲಯದ ದಿನನಿತ್ಯದ ಕೆಲಸ ಮಾಡುತ್ತಿತ್ತು.

ಆ ಬೇಸಿಗೆಯಲ್ಲಿ ಮಾಕ್ಲಿ ಹೇಳಿದ ಒಂದು ಪಾಠ ವಿಂಗಡಣೆ ಮತ್ತು ಹುಡುಕಾಟವನ್ನು ಕುರಿತದ್ದು. ನಿಘಂಟಿನಲ್ಲಿ ಪದ ಹುಡುಕುವಾಗ ನೀವು ಮೊದಲ ಪುಟದಿಂದ ಓದುತ್ತಾ ಹೋಗುವುದಿಲ್ಲ. ನಡುವೆ ತೆರೆಯುತ್ತೀರಿ. ಬೇಕಾದ ಪದ ಮುಂದಿದ್ದರೆ ಹಿಂದಿನ ಅರ್ಧವನ್ನು ಮರೆತು, ಉಳಿದ ಅರ್ಧದ ನಡುವೆ ಮತ್ತೆ ತೆರೆಯುತ್ತೀರಿ. ಹೀಗೆ ಅರ್ಧಿಸುತ್ತ ಹೋದರೆ ಸಾವಿರ ಪದಗಳಿಗೆ ಸುಮಾರು ಹತ್ತು ಹೆಜ್ಜೆ ಸಾಕು, ಹತ್ತು ಲಕ್ಷ ಪದಗಳಿಗೆ ಇಪ್ಪತ್ತು. ಯಂತ್ರಕ್ಕಾಗಿ ಈ ವಿಧಾನವನ್ನು ವಿವರಿಸಿದ ಅತಿ ಹಳೆಯ ಪ್ರಕಟಿತ ದಾಖಲೆ ಮಾಕ್ಲಿಯ ಈ ಉಪನ್ಯಾಸವೇ. ಇಂದು ಕಂಪ್ಯೂಟರ್ ವಿಜ್ಞಾನದ ಮೊದಲ ವರ್ಷದ ಹುಡುಗರೆಲ್ಲ ಇದನ್ನು ಬರೆದು ಕಲಿಯುತ್ತಾರೆ. ಬರೆಸುವ ಮೇಷ್ಟ್ರುಗಳಲ್ಲಿ ಎಷ್ಟು ಮಂದಿಗೆ ಮಾಕ್ಲಿ ಹೆಸರು ಗೊತ್ತೋ!

ವ್ಯಾಪಾರದ ಕಥೆಯನ್ನು ಬೇಗ ಮುಗಿಸೋಣ, ಅದು ಸಂತೋಷದ ಕಥೆಯಲ್ಲ. ಇಬ್ಬರೂ ಕಟ್ಟಿದ ಕಂಪನಿಯಲ್ಲಿ ಒಳ್ಳೆಯ ಎಂಜಿನಿಯರುಗಳಿದ್ದರು, ಗ್ರೇಸ್ ಹಾಪರ್ ಅವರಂಥ ಕ್ರಮವಿಧಿ ತಜ್ಞೆ ಇದ್ದರು, ಬಂಡವಾಳ ಇರಲಿಲ್ಲ. ಬೆಂಬಲಿಗರಾಗಿದ್ದ ಉದ್ಯಮಿ 1949ರಲ್ಲಿ ವಿಮಾನ ಅಪಘಾತದಲ್ಲಿ ಸತ್ತರು. ಮರುವರ್ಷ ಕಂಪನಿ ರೆಮಿಂಗ್ಟನ್ ರ‍್ಯಾಂಡ್ ಪಾಲಾಯಿತು. 1951ರಲ್ಲಿ ಜನಗಣತಿ ಇಲಾಖೆಗೆ ಕೊಟ್ಟ ಯುನಿವ್ಯಾಕ್, 1952ರ ಚುನಾವಣೆಯ ರಾತ್ರಿ ಐಸೆನ್‌ಹೋವರ್‌ಗೆ 438 ಮತಗಳೆಂದು ಹೇಳಿ (ಬಂದದ್ದು 442) ಮನೆಮಾತಾಯಿತು. ಅದೇ ಹೊತ್ತಿನಲ್ಲಿ ಮಾಕ್ಲಿಗೆ ಸೇನೆಯ ರಹಸ್ಯ ಕೆಲಸಗಳ ಬಾಗಿಲು ಮುಚ್ಚಿತ್ತು. ಎಡಪಂಥೀಯರೆಂಬ ಗುಮಾನಿ ಇದ್ದವರೆಲ್ಲ ಪೇಚಿಗೆ ಸಿಕ್ಕಿದ ದಿನಗಳವು.

1959ರಲ್ಲಿ ಕಂಪನಿ ಬಿಟ್ಟು, ಐವತ್ತೆರಡರ ವಯಸ್ಸಿನಲ್ಲಿ ಮಾಕ್ಲಿ ಮತ್ತೆ ಮೇಷ್ಟ್ರಾದರು. ಈ ಸಲದ ವಿದ್ಯಾರ್ಥಿಗಳು ಕಟ್ಟಡದ ಗುತ್ತಿಗೆದಾರರು, ಕಾರ್ಖಾನೆಯ ಎಂಜಿನಿಯರುಗಳು. ಯುನಿವ್ಯಾಕ್ ವಿಭಾಗದ ಜೇಮ್ಸ್ ಕೆಲ್ಲಿ ಮತ್ತು ಡುಪಾಂಟ್ ಕಂಪನಿಯ ಮಾರ್ಗನ್ ವಾಕರ್ ರೂಪಿಸಿದ್ದ ‘ನಿರ್ಣಾಯಕ ಪಥ ವಿಧಾನ’ವನ್ನು ಮಾಕ್ಲಿಯ ಹೊಸ ಸಂಸ್ಥೆ ಉದ್ಯಮಗಳಿಗೆ ಕಲಿಸತೊಡಗಿತು. ಮನೆ ಕಟ್ಟಿಸಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ತಳಪಾಯಕ್ಕೆ 20 ದಿನ, ಗೋಡೆಗೆ 30, ಚಾವಣಿಗೆ 25, ಗಾರೆಗೆ 15 ದಿನ ಬೇಕೆನ್ನೋಣ. ಒಂದರ ಬೆನ್ನಿಗೆ ಒಂದು, ಒಟ್ಟು 90. ಗಾರೆ ಮುಗಿಯುವ ಹೊತ್ತಿಗೆ ಕದಗಳು ಸಿದ್ಧವಿರಬೇಕು. ಬಡಗಿಗೆ 40 ದಿನ ಸಾಕು. ಅಂದರೆ ಬಡಗಿ 50 ದಿನ ತಡವಾಗಿ ಶುರುಮಾಡಿದರೂ ಗೃಹಪ್ರವೇಶದ ಮುಹೂರ್ತ ತಪ್ಪುವುದಿಲ್ಲ. ಗೋಡೆಯ ಕೆಲಸ ಒಂದು ದಿನ ತಡವಾದರೆ ಮನೆಯೇ ಒಂದು ದಿನ ತಡ. ಬೈಯಬೇಕಾದ್ದು ಯಾರನ್ನು ಎಂದು ಈಗ ಗೊತ್ತಾಯಿತಲ್ಲ! ಕೆಲಸಗಳು ಸಾವಿರಾರಾದಾಗ ಈ ಪಥವನ್ನು ಹುಡುಕಲು ಕಂಪ್ಯೂಟರೇ ಬೇಕು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಇದು ಪಾಠವಾಗಿದೆ.

ಎನಿಯಾಕ್ ಪೇಟೆಂಟ್ 1964ರಲ್ಲಿ ಕೈಗೆ ಬಂತು. ಅದು ಬಾಳಿದ್ದು ಒಂಬತ್ತೇ ವರ್ಷ. ಹನಿವೆಲ್ ಕಂಪನಿ ಹೂಡಿದ ಮೊಕದ್ದಮೆಯಲ್ಲಿ ನ್ಯಾಯಾಧೀಶ ಅರ್ಲ್ ಲಾರ್ಸನ್ 1973ರ ಅಕ್ಟೋಬರ್ 19ರಂದು ಅದನ್ನು ರದ್ದು ಮಾಡಿದರು. ಯಂತ್ರ ಬಳಕೆಗೆ ಬಂದು ಒಂದು ವರ್ಷದೊಳಗೆ ಅರ್ಜಿ ಹಾಕಬೇಕಿತ್ತು. 1947ರ ಜೂನಿನ ಅರ್ಜಿ ತಡವಾಗಿತ್ತು. ಯಂತ್ರದ ತತ್ತ್ವಗಳು ಅದಕ್ಕೂ ಮೊದಲೇ ಬರಹದಲ್ಲಿ ಹಂಚಿಹೋಗಿದ್ದವು. ಇವುಗಳಿಗಿಂತ ಮಾಕ್ಲಿಯನ್ನು ನೋಯಿಸಿದ್ದು ಇನ್ನೊಂದು ಮಾತು: ವಿದ್ಯುನ್ಮಾನ ಗಣಕದ ಕಲ್ಪನೆಯನ್ನು ಅವರು ಪಡೆದದ್ದು ಅಟನಸಾಫ್‌ರಿಂದ ಎಂದು ತೀರ್ಪು ಹೇಳಿತು. 1941ರ ಆ ಭೇಟಿ! ಮಾಕ್ಲಿ ಇದನ್ನು ಕೊನೆಯವರೆಗೂ ಒಪ್ಪಲಿಲ್ಲ. ಅಟನಸಾಫ್ ಯಂತ್ರ ಸುಮಾರು 300 ನಳಿಗೆಗಳದು, ಸಮೀಕರಣಗಳ ಗುಂಪನ್ನು ಬಿಡಿಸಲೆಂದೇ ಮಾಡಿದ್ದು. ಎನಿಯಾಕ್ ಯಾವ ಲೆಕ್ಕಕ್ಕಾದರೂ ಒಗ್ಗುವಂಥದು. ಮೊದಲಿಗರು ಯಾರು ಎಂದು ಕೇಳಿದರೆ ಅಟನಸಾಫ್‌ಗೆ ಸಲ್ಲಬೇಕಾದ್ದು ಸಲ್ಲಲೇಬೇಕು. ಲೋಕ ಕಂಪ್ಯೂಟರ್ ಕಟ್ಟಲು ಕಲಿತದ್ದು ಯಾರಿಂದ ಎಂದು ಕೇಳಿದರೆ ಉತ್ತರ ಮೂರ್ ಶಾಲೆಯ ಆ ಎಂಟು ವಾರಗಳ ಕಡೆಗೆ ಬೆರಳು ತೋರುತ್ತದೆ. ಎರಡನೆಯ ಪ್ರಶ್ನೆಯನ್ನು ನ್ಯಾಯಾಲಯ ಕೇಳಬೇಕಿರಲಿಲ್ಲ, ಚರಿತ್ರೆ ಕೇಳಬೇಕು. ಮಾಕ್ಲಿ 1980ರ ಜನವರಿ 8ರಂದು ತೀರಿಕೊಂಡರು.

ಮಳೆಯ ಲೆಕ್ಕ ಏನಾಯಿತು ಎಂದು ನೀವು ಕೇಳಬಹುದು. 1950ರ ವಸಂತದಲ್ಲಿ ಜೂಲ್ ಚಾರ್ನಿ ಮತ್ತು ಸಂಗಡಿಗರು ವಾಯುಮಂಡಲದ ಸಮೀಕರಣಗಳನ್ನು ಹಿಡಿದು ಅಬರ್ಡೀನ್ ಎಂಬಲ್ಲಿಗೆ ಹೋದರು. ಎನಿಯಾಕ್ ಅಷ್ಟರಲ್ಲಿ ಅಲ್ಲಿನ ಸೇನಾ ನೆಲೆಗೆ ಸಾಗಿತ್ತು. ಹಗಲಿರುಳು ದುಡಿದು ಅವರು ಕಂಪ್ಯೂಟರಿನಿಂದ ಜಗತ್ತಿನ ಮೊದಲ ಹವಾ ಮುನ್ಸೂಚನೆ ತೆಗೆದರು. ಮುಂದಿನ 24 ಗಂಟೆಗಳ ಹವೆಯನ್ನು ಹೇಳಲು ಯಂತ್ರಕ್ಕೆ ಹೆಚ್ಚು ಕಡಿಮೆ 24 ಗಂಟೆಗಳೇ ಹಿಡಿದವು. ಮಾಕ್ಲಿ ಆಗ ಅಲ್ಲಿರಲಿಲ್ಲ. ಫಿಲಡೆಲ್ಫಿಯಾದಲ್ಲಿ ಯುನಿವ್ಯಾಕ್ ಮುಗಿಸುವ ಧಾವಂತದಲ್ಲಿದ್ದರು.